ಹೃದಯದ ಮಾರ್ದನಿ

ಮನುಷ್ಯನ ಹೃದಯವು ಒಂದು ದಿನಕ್ಕೆ ಸುಮಾರು 1,00,000 ಸಲ ಬಡಿಯುತ್ತದೆ. ಒಂದೊಂದು ಬಡಿತದಲ್ಲಿಯೂ ಅದರೊಳಗಿನ ನಾಲ್ಕು ಕವಾಟಗಳು ತೆರೆದು ಮುಚ್ಚುತ್ತವೆ. ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬರಗೊಡದಿರುವುದು, ಇವು ಆ ಕವಾಟಗಳ ಕೆಲಸ. ಪಕ್ಕೆಲುಬುಗಳ ಗೂಡಿನಲ್ಲಿ ಅಡಗಿರುವ ಈ ಪುಟ್ಟ ಬಾಗಿಲುಗಳ ಚಲನೆಯನ್ನು ಎದೆಯನ್ನು ಸೀಳದೆ ಅರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಮೊದಲಿಗರು ಸ್ವೀಡನ್ ದೇಶದ ವೈದ್ಯರಾದ ಇಂಗೆ ಎಡ್ಲರ್.

ಎಡ್ಲರ್ ಅವರು 1911ರ ಮಾರ್ಚ್ 17ರಂದು ದಕ್ಷಿಣ ಸ್ವೀಡನ್ನಿನಲ್ಲಿ ಜನಿಸಿದರು. ಅಲ್ಲಿಯ ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ಹೃದ್ರೋಗಗಳ ತಜ್ಞರಾಗಿ ಅದೇ ಊರಿನ ಆಸ್ಪತ್ರೆಯಲ್ಲಿ ಸೇವೆಗೆ ನಿಂತರು.

ಆ ಕಾಲದಲ್ಲಿ ಬಾಲ್ಯದ ಕೀಲುಜ್ವರದಿಂದ ಹೃದಯದ ಎಡಭಾಗದ ದ್ವಿದಳ ಕವಾಟವು ಕೆಟ್ಟು ನರಳುತ್ತಿದ್ದವರು ಅನೇಕರಿದ್ದರು. ಕೆಲವರಲ್ಲಿ ಆ ಕವಾಟವು ಕಿರಿದಾಗಿ ರಕ್ತಕ್ಕೆ ದಾರಿ ಸಾಲದೆ ಹೋಗುತ್ತಿತ್ತು. ಕೆಲವರಲ್ಲಿ ಅದು ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಕಿರಿದಾದ ಕವಾಟವನ್ನು ಬಿಡಿಸುವ ಶಸ್ತ್ರಚಿಕಿತ್ಸೆ ಆಗತಾನೆ ಬಳಕೆಗೆ ಬಂದಿತ್ತು. ಆದರೆ ಸೋರುವ ಕವಾಟಕ್ಕೆ ಅದೇ ಚಿಕಿತ್ಸೆಯನ್ನು ಮಾಡಿದರೆ ರೋಗಿಗೆ ಕೇಡೇ ಹೆಚ್ಚು. ಯಾರಿಗೆ ಶಸ್ತ್ರಚಿಕಿತ್ಸೆ ತಕ್ಕದ್ದು, ಯಾರಿಗೆ ತಗದು ಎಂದು ಮುಂಚಿತವಾಗಿ ಹೇಳಬೇಕಾದ ಹೊಣೆ ಎಡ್ಲರ್ ಅವರದಾಗಿತ್ತು. ಕಿವಿಗೆ ಕೇಳುವ ಎದೆಬಡಿತ, ಕ್ಷ-ಕಿರಣದ ಚಿತ್ರ, ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆಯನ್ನು ತೂರಿಸಿ ನಡೆಸುವ ಪರೀಕ್ಷೆ, ಇವಾವುವೂ ಪೂರ್ಣವಾದ ನಿಶ್ಚಯವನ್ನು ಕೊಡುತ್ತಿರಲಿಲ್ಲ. ತನ್ನ ಒಂದು ತಪ್ಪು ತೀರ್ಮಾನದಿಂದ ಒಂದು ಜೀವವೇ ಹೋದೀತು ಎಂಬ ಅಳುಕು ಅವರನ್ನು ಸದಾ ಕಾಡುತ್ತಿದ್ದಿರಬೇಕು.

ದೂರದ ವಿಮಾನವನ್ನು ಕಂಡುಹಿಡಿಯುವ ರೇಡಾರ್ ಯಂತ್ರದಿಂದ ಹೃದಯದ ಚಲನೆಯನ್ನೂ ಅರಿಯಬಹುದೇ ಎಂದು ಎಡ್ಲರ್ ಯೋಚಿಸಿದರು. ಈ ವಿಷಯದಲ್ಲಿ ಅವರಿಗೆ ನೆರವಾದವರು ಲುಂಡ್‌ನ ತರುಣ ಭೌತವಿಜ್ಞಾನಿ ಹೆಲ್‌ಮುತ್ ಹರ್ಟ್ಸ್. ಇವರು ನೊಬೆಲ್ ಬಹುಮಾನ ಪಡೆದ ಗುಸ್ತಾವ್ ಹರ್ಟ್ಸ್ ಅವರ ಮಗ. ರೇಡಾರ್ ಈ ಕೆಲಸಕ್ಕೆ ಒದಗದೆಂದೂ, ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಧ್ವನಿಯು ಒದಗಬಹುದೆಂದೂ ಅವರು ತಿಳಿಸಿದರು. ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಕಂಪಿಸುವ ಧ್ವನಿ ಅದು. ದೇಹದೊಳಕ್ಕೆ ಕಳುಹಿಸಿದ ಈ ಧ್ವನಿಯು ಬೇರೆ ಬೇರೆ ಅಂಗಾಂಶಗಳಿಗೆ ತಗುಲಿ ಮಾರ್ದನಿಯಾಗಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಕಾಲದಿಂದ ಆ ಅಂಗದ ಆಳವನ್ನು ಗಣಿಸಬಹುದು.

ಅಂಥ ಯಂತ್ರವೊಂದು ಸಮೀಪದ ಮಾಲ್ಮೆ ನಗರದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿತ್ತು. ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚಲು ಅಲ್ಲಿ ಅದನ್ನು ಬಳಸುತ್ತಿದ್ದರು. 1953ರಲ್ಲಿ ಹರ್ಟ್ಸ್ ಅವರು ಅಲ್ಲಿಗೆ ಹೋಗಿ ಯಂತ್ರವನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಬಡಿತಕ್ಕೆ ತಕ್ಕಂತೆ ಹಿಂದು ಮುಂದಾಗುವ ಮಾರ್ದನಿಯೊಂದು ತೆರೆಯ ಮೇಲೆ ಕಾಣಿಸಿತು! ಬಳಿಕ ಯಂತ್ರವನ್ನು ಎರವಲು ತಂದು ಇಬ್ಬರೂ ಪ್ರಯೋಗಕ್ಕೆ ತೊಡಗಿದರು. ಅದೇ ವರ್ಷದ ಅಕ್ಟೋಬರ್ 29ರಂದು ಹೃದಯದ ಮಾರ್ದನಿಗಳು ಮೊದಲ ಬಾರಿಗೆ ಚಿತ್ರರೂಪದಲ್ಲಿ ದಾಖಲಾದವು.

ಚಿತ್ರವೇನೋ ದೊರೆಯಿತು, ಆದರೆ ಅದರ ಅರ್ಥವೇನು? ವೇಗವಾಗಿ ಚಲಿಸುವ ಒಂದು ರೇಖೆಯು ಎಡ ಹೃತ್ಕರ್ಣದ ಗೋಡೆಯದೆಂದು ಎಡ್ಲರ್ ಮೊದಲು ಭಾವಿಸಿದ್ದರು. ಆದರೆ ಊಹೆಯನ್ನೇ ನಂಬಿ ಅವರು ಕುಳಿತುಕೊಳ್ಳಲಿಲ್ಲ. ಧ್ವನಿಯು ಹೊಕ್ಕ ಸ್ಥಳವನ್ನು ರೋಗಿಯ ಎದೆಯ ಮೇಲೆ ಗುರುತಿಸಿಟ್ಟು, ಆತ ತೀರಿಕೊಂಡ ಮೇಲೆ ಅದೇ ದಿಕ್ಕಿನಲ್ಲಿ ಸೂಜಿಯಂಥ ಸಲಾಕೆಯನ್ನು ಹಾಯಿಸಿ, ಅದು ಯಾವ ಭಾಗವನ್ನು ಮುಟ್ಟುವುದೆಂದು ಶವಪರೀಕ್ಷೆಯಲ್ಲಿ ನೋಡಿದರು. ಆ ರೇಖೆಯು ಗೋಡೆಯದಲ್ಲ, ದ್ವಿದಳ ಕವಾಟದ ಮುಂದಿನ ಎಸಳಿನದು ಎಂಬುದು ತಿಳಿಯಿತು. ತಮ್ಮ ಅಭಿಪ್ರಾಯ ತಪ್ಪೆಂದು ಕಂಡೊಡನೆ ಅದನ್ನು ತಿದ್ದಿಕೊಂಡರು. ಆ ತಿದ್ದುಪಡಿಯಿಂದಲೇ ಚಿತ್ರಕ್ಕೆ ಬೆಲೆ ಬಂದಿತು. ಕವಾಟವು ಕಿರಿದಾದಷ್ಟೂ ಆ ರೇಖೆಯ ಇಳಿತ ನಿಧಾನವಾಗುತ್ತಿತ್ತು. ರೋಗದ ತೀವ್ರತೆಯನ್ನು ಅಳೆಯುವ ಕೋಲೊಂದು ಎಡ್ಲರ್ ಅವರ ಕೈಗೆ ಸಿಕ್ಕಿತು.

1960ರಲ್ಲಿ ಹೃದಯದ ಚಿಕಿತ್ಸೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಡ್ವೈಟ್ ಹಾರ್ಕೆನ್ ಅವರು ಕೆಟ್ಟುಹೋದ ಮಹಾಧಮನಿಯ ಕವಾಟವನ್ನು ತೆಗೆದು, ಆ ಸ್ಥಳದಲ್ಲಿ ಕೃತಕ ಕವಾಟವನ್ನು ಜೋಡಿಸಿದರು. ಆ ಕವಾಟವು ಎಡ ಹೃತ್ಕುಕ್ಷಿಯಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಹೆಬ್ಬಾಗಿಲು. ಅದು ಕಿರಿದಾದರೆ ಹೃತ್ಕುಕ್ಷಿಯು ಹೆಚ್ಚು ಬಲದಿಂದ ರಕ್ತವನ್ನು ನೂಕಬೇಕಾಗಿ, ಅದರ ಗೋಡೆ ದಪ್ಪವಾಗುತ್ತದೆ. ಹೊಸ ಕವಾಟವನ್ನಿಟ್ಟ ಮೇಲೆ ಹೃದಯ ಚೇತರಿಸಿಕೊಂಡಿತೇ? ಇದನ್ನು ಇಂದು ತಿಳಿಸುವುದು ಮುಖ್ಯವಾಗಿ ಎಡ್ಲರ್ ಅವರು ತೋರಿದ ದಾರಿಯೇ. ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳಲ್ಲಿ ತೆಗೆದ ಮಾರ್ದನಿಯ ಚಿತ್ರವನ್ನು ಜೋಪಾನವಾಗಿರಿಸಿ, ಮುಂದಿನ ಚಿತ್ರಗಳನ್ನು ಅದರೊಡನೆ ಹೋಲಿಸುತ್ತಾರೆ. ಹೊಸ ಕವಾಟದ ಎಡೆಯಲ್ಲಿ ರಕ್ತದ ವೇಗವೆಷ್ಟು, ಅದರ ಅಂಚಿನಲ್ಲಿ ಸೋರಿಕೆ ಉಂಟೇ, ಪ್ರತಿ ಬಡಿತಕ್ಕೂ ಹೃತ್ಕುಕ್ಷಿ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು ಅಳೆಯುತ್ತಾರೆ. ಭಾರ ಇಳಿದ ಹೃದಯದ ದಪ್ಪಗೋಡೆ ತಿಂಗಳುಗಳು ಕಳೆದಂತೆ ತೆಳುವಾಗುತ್ತ ಬರುವುದೂ ಅದರಲ್ಲಿ ಕಾಣುತ್ತದೆ. ಇಷ್ಟಾದರೂ ರೋಗಿಗೆ ನೋವಿಲ್ಲ, ಗಾಯವಿಲ್ಲ.

1977ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಇಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಎಡ್ಲರ್ ಅವರು 2001ರ ಮಾರ್ಚ್ 7ರಂದು, ತೊಂಬತ್ತು ವರ್ಷ ತುಂಬಲು ಹತ್ತೇ ದಿನಗಳಿರುವಾಗ, ತೀರಿಕೊಂಡರು. ಹಡಗಿನ ಬಿರುಕನ್ನು ಹುಡುಕುವ ಯಂತ್ರದಲ್ಲಿ ಮನುಷ್ಯನ ನೋವಿಗೆ ಪರಿಹಾರವನ್ನು ಕಂಡ ದೃಷ್ಟಿ ಅವರದು. ಅದಕ್ಕಿಂತ ಮಿಗಿಲಾದುದು, ತನ್ನ ಕಣ್ಣು ಕಂಡದ್ದನ್ನೂ ಪರೀಕ್ಷಿಸಿಯೇ ನಂಬುವ ಅವರ ಪ್ರಾಮಾಣಿಕತೆ. ಜಗತ್ತಿನ ಯಾವುದೋ ಆಸ್ಪತ್ರೆಯಲ್ಲಿ ಹೊಸ ಕವಾಟವನ್ನು ಪಡೆದ ರೋಗಿಯೊಬ್ಬನು ತೆರೆಯ ಮೇಲೆ ತನ್ನ ಹೃದಯ ನೆಮ್ಮದಿಯಿಂದ ಬಡಿಯುವುದನ್ನು ಕಾಣುವಾಗ, ಆ ಮೌನ ಸಾಧಕನ ಶ್ರಮ ಅಲ್ಲಿ ಫಲಿಸುತ್ತಿರುತ್ತದೆ.