ಕಡಲಾಳದ ಸಾಕ್ಷಿ

ಕಡಲ ತೀರದಲ್ಲಿ ನಿಂತು ನೋಡುವವನಿಗೆ ಕಾಣುವುದು ಕಡಲಿನ ಮೈ ಮಾತ್ರ. ಅಲೆಗಳ ಏರಿಳಿತ, ನೊರೆಯ ಬಿಳುಪು, ದೂರದ ದೋಣಿ ಇವೆಲ್ಲ ಕಣ್ಣಿಗೆ ಬೀಳುತ್ತವೆ; ಕಡಲಿನ ಒಡಲು ಕಾಣದು. ಅಲ್ಲಿ ಏನಿದೆಯೆಂಬುದು ಬಹುಕಾಲ ಊಹೆಯ ವಿಷಯವಾಗಿಯೇ ಉಳಿದಿತ್ತು. ವಿಜ್ಞಾನಿಗಳು ಹಡಗಿನಿಂದ ಉದ್ದನೆಯ ಬಲೆಗಳನ್ನು ಇಳಿಸಿ ಆಳದ ಜೀವಿಗಳನ್ನು ಮೇಲಕ್ಕೆ ಸೆಳೆಯುತ್ತಿದ್ದರು. ಆದರೆ ಬಲೆಗೆ ಬಂದವುಗಳಲ್ಲಿ ಬಹುಪಾಲು ಹರಿದು, ಬಣ್ಣಗೆಟ್ಟು, ಸತ್ತ ದೇಹಗಳು. ಉದುರಿದ ಎಸಳುಗಳನ್ನು ಕಂಡು ತೋಟದ ಚೆಲುವನ್ನು ಊಹಿಸುವಂತಹ ಕೆಲಸ ಅದು. ಆ ತೋಟವನ್ನೇ ಹೊಕ್ಕು, ಅಲ್ಲಿನ ಜೀವಿಗಳನ್ನು ಅವುಗಳ ನೆಲೆಯಲ್ಲಿಯೇ ಕಣ್ಣಾರೆ ಕಂಡ ಮೊದಲ ವಿಜ್ಞಾನಿ ವಿಲಿಯಂ ಬೀಬಿ.

ಬೀಬಿ 1877ರ ಜುಲೈ 29ರಂದು ಅಮೆರಿಕದ ಬ್ರೂಕ್ಲಿನ್ನಿನಲ್ಲಿ ಜನಿಸಿದನು. ಹಕ್ಕಿಗಳನ್ನೂ ಕೀಟಗಳನ್ನೂ ಗಮನಿಸುವುದು ಬಾಲ್ಯದಿಂದಲೇ ಅವನಿಗೆ ಅಂಟಿದ ಗೀಳು. ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದನಾದರೂ ಪದವಿ ಮುಗಿಸಲಿಲ್ಲ. 1899ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ಪಕ್ಷಿಗಳ ವಿಭಾಗದ ಕೆಲಸ ದೊರೆತಾಗ ಓದನ್ನು ಬಿಟ್ಟು ಅಲ್ಲಿಗೆ ಹೋದನು. ನವಿಲು, ಕಾಡುಕೋಳಿ ಮೊದಲಾದವು ಸೇರಿರುವ ಫೆಸೆಂಟ್ ಬಳಗದ ಹಕ್ಕಿಗಳನ್ನು ಅರಸಿಕೊಂಡು 1909ರಲ್ಲಿ ಹೊರಟು ಸಿಂಹಳ, ಭಾರತ, ಬರ್ಮಾ, ಜಾವಾ, ಚೀನಾ, ಜಪಾನ್ ದೇಶಗಳನ್ನು ಸುತ್ತಿದನು. ಆ ಅಲೆದಾಟದ ಫಲವಾಗಿ 1918ರಿಂದ 1922ರವರೆಗೆ ನಾಲ್ಕು ಸಂಪುಟಗಳ ಬೃಹದ್ಗ್ರಂಥ ಹೊರಬಂದಿತು.

ಹಕ್ಕಿಗಳ ಬೆನ್ನುಹತ್ತಿದ್ದ ಬೀಬಿಯನ್ನು ನಡುವಯಸ್ಸಿನಲ್ಲಿ ಕಡಲು ಕರೆಯಿತು. 1925ರಲ್ಲಿ 'ಆರ್ಕ್ಟ್ಯೂರಸ್' ಎಂಬ ಹಡಗಿನಲ್ಲಿ ಸಂಶೋಧಕರ ತಂಡದೊಂದಿಗೆ ಸಾರ್ಗಾಸೋ ಸಮುದ್ರಕ್ಕೂ ಗಲಾಪಗಸ್ ದ್ವೀಪಗಳಿಗೂ ಯಾತ್ರೆ ಕೈಗೊಂಡನು. ತಾಮ್ರದ ಟೋಪಿಯನ್ನು ತಲೆಗೆ ಧರಿಸಿ, ಮೇಲಿನಿಂದ ಕೊಳವೆಯಲ್ಲಿ ಬರುವ ಗಾಳಿಯನ್ನು ಉಸಿರಾಡುತ್ತ, ಹವಳದ ದಿಬ್ಬಗಳ ನಡುವೆ ನಡೆದಾಡಿದನು. ಆದರೆ ಅಂತಹ ಟೋಪಿಯೊಡನೆ ಕೆಲವೇ ಅಡಿಗಳಷ್ಟು ಇಳಿಯಬಹುದಿತ್ತು. ಪ್ರತಿ 10 ಮೀಟರ್ ಆಳಕ್ಕೂ ನೀರಿನ ಒತ್ತಡ ವಾಯುಮಂಡಲದ ಒತ್ತಡದಷ್ಟು ಹೆಚ್ಚುತ್ತ ಹೋಗುತ್ತದೆ. ಕಾಲಡಿಯ ಇಳಿಜಾರು ಕತ್ತಲಲ್ಲಿ ಕರಗಿಹೋಗುವ ಕಡೆಗೆ ಬೀಬಿಯ ದೃಷ್ಟಿ ಹರಿಯುತ್ತಿತ್ತು. ಅಲ್ಲಿಗೆ ಹೋಗುವ ದಾರಿ ಮಾತ್ರ ಇರಲಿಲ್ಲ.

ಆ ದಾರಿಯನ್ನು ತೋರಿಸಿದವನು ಓಟಿಸ್ ಬಾರ್ಟನ್ ಎಂಬ ಯುವಕ. ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಕೊಳ್ಳುವ ಆಕಾರವೆಂದರೆ ಗೋಳ. ಬಾರ್ಟನ್ ತನ್ನ ಹಣದಿಂದಲೇ ಉಕ್ಕಿನ ಗೋಳವೊಂದನ್ನು ಎರಕಹೊಯ್ಯಿಸಿದನು. ಮೊದಲನೆಯ ಗೋಳ ಅತಿಭಾರವಾದ್ದರಿಂದ ಅದನ್ನು ಕರಗಿಸಿ ಮತ್ತೊಂದನ್ನು ಮಾಡಿಸಬೇಕಾಯಿತು. ಅದರ ವ್ಯಾಸ 4 ಅಡಿ 9 ಅಂಗುಲ. ಸ್ಫಟಿಕಶಿಲೆಯನ್ನು ಕರಗಿಸಿ ಮಾಡಿದ 3 ಅಂಗುಲ ದಪ್ಪದ ಕಿಟಕಿಗಳು. ಹೊರಗಿನಿಂದ ತಿರುಪು ಬಿಗಿಯುವ ಭಾರವಾದ ಬಾಗಿಲು. ಉಸಿರಿಗೆ ಆಮ್ಲಜನಕದ ಉರುಳೆಗಳು, ಬಿಟ್ಟ ಉಸಿರಿನ ಅಂಗಾರಾಮ್ಲವನ್ನು ಹೀರಲು ಸೋಡಾ ಸುಣ್ಣ, ತೇವವನ್ನು ಹೀರಲು ಕ್ಯಾಲ್ಸಿಯಂ ಕ್ಲೋರೈಡ್, ಗಾಳಿಯಾಡಲು ತಾಳೆಗರಿಯ ಬೀಸಣಿಗೆ! ಉಕ್ಕಿನ ಹಗ್ಗವೊಂದರ ತುದಿಯಲ್ಲಿ ತೂಗುವ ಈ ಗೋಳಕ್ಕೆ, ಗ್ರೀಕ್ ಭಾಷೆಯಲ್ಲಿ ಆಳವೆಂಬ ಅರ್ಥದ ಪದವನ್ನು ಸೇರಿಸಿ, 'ಬ್ಯಾಥಿಸ್ಫಿಯರ್' ಎಂದು ಬೀಬಿ ಹೆಸರಿಟ್ಟನು.

1930ರ ಜೂನ್ 6ರಂದು ಬರ್ಮುಡಾ ದ್ವೀಪದ ಬಳಿ ಬೀಬಿಯೂ ಬಾರ್ಟನ್ನನೂ ಗೋಳದೊಳಗೆ ಮೈ ಮುದುಡಿಕೊಂಡು ಕುಳಿತರು. ಸುಮಾರು 300 ಅಡಿ ಇಳಿದಾಗ ಬಾಗಿಲ ಸಂದಿನಿಂದ ನೀರು ಒಸರತೊಡಗಿತು. ಸಾಮಾನ್ಯರಾಗಿದ್ದರೆ ಮೇಲಕ್ಕೆಳೆಯಿರೆಂದು ಕೂಗುತ್ತಿದ್ದರು. ಬೀಬಿ ಇನ್ನೂ ವೇಗವಾಗಿ ಕೆಳಗಿಳಿಸಬೇಕೆಂದು ತಿಳಿಸಿದನು. ಆಳ ಹೆಚ್ಚಿದಂತೆ ಒತ್ತಡವೇ ಬಾಗಿಲನ್ನು ಬಿಗಿಯಾಗಿ ಒತ್ತುವುದೆಂಬ ಅವನ ಲೆಕ್ಕ ತಪ್ಪಲಿಲ್ಲ. ಅಂದು ಅವರು 803 ಅಡಿ ತಲುಪಿ ಹಿಂದಿರುಗಿದರು.

ಧೈರ್ಯದೊಡನೆ ಎಚ್ಚರವೂ ಬೇಕಾಗಿತ್ತು. 1932ರಲ್ಲಿ ಪರೀಕ್ಷೆಗಾಗಿ ಬರಿದಾದ ಗೋಳವನ್ನು ಆಳಕ್ಕಿಳಿಸಿ ಮೇಲೆತ್ತಿದಾಗ ಅದರೊಳಗೆ ನೀರು ತುಂಬಿತ್ತು. ಬಾಗಿಲ ನಡುವಣ ತಿರುಪನ್ನು ಸಡಿಲಿಸುತ್ತಿದ್ದಂತೆ ಅದು ಗುಂಡಿನಂತೆ ಸಿಡಿದು ಹಡಗಿನ ಅಟ್ಟದ ಆಚೆಗೆ ಹಾರಿತು. ಅದರ ಹಿಂದೆಯೇ ನೀರು ಭೋರ್ಗರೆದು ಹೊರನುಗ್ಗಿತು. ಒಳಗೆ ಮನುಷ್ಯರಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಬೀಬಿ ಕಣ್ಣೆದುರೇ ಕಂಡನು. ಆದರೂ ದೋಷವನ್ನು ಸರಿಪಡಿಸಿ ಅದೇ ವರ್ಷದ ಸೆಪ್ಟೆಂಬರ್ 22ರಂದು 2200 ಅಡಿ ಇಳಿದನು. ಅಂದು ಅವನ ಮಾತುಗಳು ರೇಡಿಯೋದ ಮೂಲಕ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮನೆಮನೆಗೆ ತಲುಪಿದವು.

ಗೋಳಕ್ಕೂ ಹಡಗಿಗೂ ನಡುವೆ ದೂರವಾಣಿಯ ತಂತಿಯೊಂದಿತ್ತು. ಮೇಲೆ ಕುಳಿತ ಗ್ಲೋರಿಯಾ ಹಾಲಿಸ್ಟರ್ ಎಂಬ ವಿಜ್ಞಾನಿ ಬೀಬಿ ಹೇಳಿದ್ದನ್ನೆಲ್ಲ ಆಳದ ಲೆಕ್ಕದೊಡನೆ ಬರೆದುಕೊಳ್ಳುತ್ತಿದ್ದಳು. ಒಮ್ಮೆ ಆ ತಂತಿ ಕೆಟ್ಟು ಮಾತು ನಿಂತುಹೋದಾಗ, ಹಗ್ಗ ಗಟ್ಟಿಯಾಗಿದ್ದರೂ ಲೋಕದ ನಂಟೇ ಕಡಿದಂತಾಯಿತು. ಗೋಳವನ್ನು ಒಡನೆಯೇ ಮೇಲೆಳೆದರು.

ಬೀಬಿ ಕಂಡ ಲೋಕವಾದರೂ ಎಂತಹದು! ಇಳಿದಂತೆಲ್ಲ ಬೆಳಕಿನಲ್ಲಿ ಮೊದಲು ಕೆಂಪು ಮಾಯವಾಯಿತು. ಬಳಿಕ ಕಿತ್ತಳೆ, ಹಳದಿ. ಕಡುಗೆಂಪು ಸೀಗಡಿಯ ಚಿತ್ರವೊಂದನ್ನು ಅವನು ಜೊತೆಯಲ್ಲಿ ಒಯ್ದಿದ್ದನು; ನೀರೊಳಗೆ ಅದು ಕಪ್ಪಾಗಿ ಕಂಡಿತು. ಆಳದ ಸೀಗಡಿಗೆ ಕೆಂಪು ಬಣ್ಣ ಅಲಂಕಾರವಲ್ಲ, ಮರೆ. ಕೊನೆಗೆ ಉಳಿದ ನೀಲಿಯೂ ಆರಿ ಕಗ್ಗತ್ತಲೆಯಾಯಿತು. ಆ ಕತ್ತಲೆಯಲ್ಲಿ ನಕ್ಷತ್ರಗಳಂತೆ ಮೀನುಗಳ ಮೈಬೆಳಕು ಮಿನುಗಿತು. ಕಿಟಕಿಯೆದುರು ಫಕ್ಕನೆ ಹೊಳೆದು ಆರುತ್ತಿದ್ದ ಮಿಂಚುಗಳು ಏನೆಂದು ಮೊದಲು ತಿಳಿಯಲಿಲ್ಲ. ಸೀಗಡಿಗಳು ಶತ್ರುವಿನ ಕಣ್ಣು ಕುಕ್ಕಲು ಹೊಳೆಯುವ ದ್ರವವನ್ನು ಉಗುಳುತ್ತವೆಯೆಂದು ಆಮೇಲೆ ಅರಿತನು. 1934ರ ಆಗಸ್ಟ್ 15ರಂದು ಗೋಳ 3028 ಅಡಿ, ಎಂದರೆ 923 ಮೀಟರ್, ಮುಟ್ಟಿತು. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ 90 ಕಿಲೋಗ್ರಾಮಿಗಿಂತ ಹೆಚ್ಚಿನ ಭಾರ. ಮೇಲೆ ಉರುಳೆಯಲ್ಲಿ ಉಳಿದಿದ್ದ ಹಗ್ಗ ಕೆಲವೇ ಸುತ್ತುಗಳಷ್ಟು.

ಆದರೆ ಅವನ ಕಷ್ಟ ಮುಗಿದದ್ದು ಅಲ್ಲಲ್ಲ. ಯಾರೂ ಕಾಣದುದನ್ನು ಕಂಡವನು ಅದನ್ನು ಇತರರಿಗೆ ಹೇಗೆ ತೋರಿಸಬೇಕು? ಅವನ ಕೈಯಲ್ಲಿ ಮೀನಿನ ದೇಹವಿರಲಿಲ್ಲ. ನಂಬುವಂತಹ ಛಾಯಾಚಿತ್ರವೂ ಇರಲಿಲ್ಲ. ಅವನು ವಿವರಿಸಿದಂತೆ ಎಲ್ಸ್ ಬಾಸ್ಟಲ್‌ಮನ್ ಎಂಬ ಕಲಾವಿದೆ ಚಿತ್ರ ಬರೆದಳು. ಮೈಯುದ್ದಕ್ಕೂ ನೀಲಿ ದೀಪಗಳ ಸಾಲಿದ್ದ, 6 ಅಡಿ ಉದ್ದದ ಮೀನಿಗೂ ಇನ್ನು ಕೆಲವಕ್ಕೂ ಕಂಡಷ್ಟರಿಂದಲೇ ಹೊಸ ಹೆಸರಿಟ್ಟನು. ಕಾರ್ಲ್ ಹಬ್ಸ್ ಮೊದಲಾದ ಮೀನುತಜ್ಞರು ಇದನ್ನು ಒಪ್ಪಲಿಲ್ಲ. ಮಾದರಿಯಿಲ್ಲದೆ ಹೆಸರಿಡಬಾರದೆಂಬ ಅವರ ವಾದದಲ್ಲಿ ನ್ಯಾಯವಿತ್ತು. ನೀಲಿ ದೀಪಗಳ ಆ ಮೀನನ್ನು ಇಂದಿಗೂ ಮತ್ತೊಬ್ಬರು ಕಂಡಿಲ್ಲ. ಬೀಬಿ ಕಂಡದ್ದು ದಿಟವೋ, ಮಬ್ಬಿನಲ್ಲಿ ಕಣ್ಣು ತಪ್ಪಿತೋ, ನಿರ್ಣಯಿಸುವಂತಿಲ್ಲ. ಕಂಡುದನ್ನು ಕಂಡ ಕ್ಷಣದಲ್ಲಿಯೇ ದೂರವಾಣಿಯಲ್ಲಿ ನುಡಿದು ಬರೆಸಿಟ್ಟದ್ದು ಮಾತ್ರ ಅವನ ಬಲ.

ಅವನ ಬಳಿ ಕೆಲಸ ಮಾಡಿದವರು ಆ ಹುಡುಕಾಟವನ್ನು ಮುಂದುವರಿಸಿದರು. 'ಆರ್ಕ್ಟ್ಯೂರಸ್' ಯಾತ್ರೆಯಲ್ಲಿದ್ದ ಮೇರಿ ಪೋಲೆಂಡ್ ಫಿಶ್ ಕಣ್ಣಿನ ಬದಲು ಕಿವಿಯನ್ನು ಕಡಲಿಗಿಳಿಸಿದಳು. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸದ್ದಿಗೆ ಕಿವಿಗೊಟ್ಟಿದ್ದ ನೌಕಾಪಡೆಯವರನ್ನು ಮೀನು, ಸೀಗಡಿಗಳ ಗದ್ದಲ ದಾರಿತಪ್ಪಿಸಿತ್ತು. ಮೇರಿ ನೂರಾರು ಜಾತಿಯ ಜಲಚರಗಳ ದನಿಯನ್ನು ದಾಖಲಿಸಿ, ಯಾವುದು ಮೀನಿನದು, ಯಾವುದು ಯಂತ್ರದ್ದು ಎಂದು ತಿಳಿಯುವಂತೆ ಮಾಡಿದಳು. ಮೌನಲೋಕವೆಂದು ಭಾವಿಸಿದ್ದ ಕಡಲು ಗೊಣಗುವ, ಗುಡುಗುವ, ಚಟಗುಟ್ಟುವ ಲೋಕವಾಗಿತ್ತು.

ಬೀಬಿಯ ಗೋಳದ ಆಳವನ್ನು 1949ರಲ್ಲಿ ಬಾರ್ಟನ್ನನೇ ಮೀರಿದನು. 1960ರಲ್ಲಿ 'ಟ್ರಿಯೆಸ್ಟ್' ನೌಕೆಯ ಇಬ್ಬರು 10,900 ಮೀಟರಿಗೂ ಕೆಳಗೆ, ಸಾಗರದ ಅತ್ಯಂತ ಆಳದ ತಳವನ್ನೇ ಮುಟ್ಟಿದರು. ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲೆಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ರೂಪಿಸಿದ 'ಮತ್ಸ್ಯ 6000' ವಾಹನದಲ್ಲಿಯೂ ಜನರು ಕೂರುವ ಕೋಣೆ ಗೋಳವೇ. ಅದಕ್ಕೆ ಹಗ್ಗವಿಲ್ಲ, ತಂತಿಯಿಲ್ಲ. ರೇಡಿಯೋ ಅಲೆಗಳು ನೀರಿನಲ್ಲಿ ದೂರ ಸಾಗಲಾರವು. ಶಬ್ದವಾದರೋ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಹರಿಯುತ್ತದೆ. ಆಳದಲ್ಲಿರುವವರಿಗೂ ಮೇಲಿರುವವರಿಗೂ ಈಗ ಶಬ್ದವೇ ದೂತ.

ಬೀಬಿ 1962ರ ಜೂನ್ 4ರಂದು ಟ್ರಿನಿಡಾಡ್ ದ್ವೀಪದಲ್ಲಿ, ತಾನು ಸ್ಥಾಪಿಸಿದ ಸಂಶೋಧನಾ ಕೇಂದ್ರದಲ್ಲಿ ಕಣ್ಣುಮುಚ್ಚಿದನು. ಇಂದು ಅವನ ದಾಖಲೆಗಳೆಲ್ಲ ಹಿಂದೆ ಬಿದ್ದಿವೆ. ಆದರೆ ಜೀವಿಯನ್ನು ಅರಿಯಬೇಕಾದರೆ ಅದು ಬದುಕುವ ಎಡೆಗೆ ನಾವೇ ಹೋಗಬೇಕು; ಹೋಗಿ ಕಂಡುದನ್ನು ಕಂಡಂತೆಯೇ ಹೇಳಬೇಕು; ನಂಬದವರು ಪ್ರಶ್ನಿಸಿದರೆ ಮುನಿಯದೆ ಕೇಳಬೇಕು. ಆ ಚಿಕ್ಕ ಕಿಟಕಿಯೊಳಗಿನಿಂದ ಅವನು ನಮಗೆ ಬಿಟ್ಟುಹೋದ ಪಾಠವಿದು.