ಹಿಮದ ನಾಡನ್ನು ದಾಟಿದ ನಾನ್ಸೆನ್

ಮಕ್ಕಳೇ, ನಮ್ಮ ಊರುಗಳಲ್ಲಿ ಹಿಮ ಬೀಳುವುದಿಲ್ಲ. ಬೆಳಗಿನ ಮಂಜನ್ನೋ, ಎಂದಾದರೊಮ್ಮೆ ಬೀಳುವ ಆಲಿಕಲ್ಲನ್ನೋ ನೀವು ನೋಡಿರಬಹುದು. ಆದರೆ ಯುರೋಪಿನ ಉತ್ತರದಲ್ಲಿರುವ ನಾರ್ವೆ ದೇಶದಲ್ಲಿ ಚಳಿಗಾಲ ಬಂತೆಂದರೆ ಹೊಲ, ಮನೆಯ ಮಾಡು, ಕಾಡಿನ ದಾರಿ ಎಲ್ಲವನ್ನೂ ಹಿಮ ಮುಚ್ಚಿಬಿಡುತ್ತದೆ. ಅಕ್ಕಿಹಿಟ್ಟಿನಂತೆ ಸಡಿಲವಾದ ಆ ಹಿಮದಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಹಾಗಾದರೆ ಅಲ್ಲಿನ ಜನ ನಡೆಯುವುದು ಹೇಗೆ? ಮುಂತುದಿ ಮೇಲಕ್ಕೆ ಬಾಗಿದ ಎರಡು ಉದ್ದನೆಯ ಹಲಗೆಗಳನ್ನು ಅವರು ಪಾದಗಳಿಗೆ ಕಟ್ಟಿಕೊಳ್ಳುತ್ತಾರೆ. ಇದೇ ಸ್ಕೀ. ದೇಹದ ಭಾರ ಹಲಗೆಯ ಉದ್ದಕ್ಕೂ ಹಂಚಿಹೋಗುವುದರಿಂದ ಕಾಲು ಹೂತುಕೊಳ್ಳುವುದಿಲ್ಲ. ಹಿಮದ ಮೇಲೆ ಜಾರುತ್ತಾ ಸಾಗಬಹುದು. ಈಗ ಎಷ್ಟೋ ಜನ ರಜೆಯಲ್ಲಿ ಇದೇ ಆಟಕ್ಕಾಗಿ ಹಿಮದ ನಾಡುಗಳಿಗೆ ಹೋಗುತ್ತಾರೆ. ಈ ಹಲಗೆಗಳನ್ನು ನಂಬಿ ಒಂದು ದೊಡ್ಡ ದ್ವೀಪವನ್ನೇ ದಾಟಿದವರ ಕಥೆ ಇದು.

ಫ್ರಿಡ್ಟ್ಯೋಫ್ ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಇಂದು ಓಸ್ಲೋ ಎನ್ನುವ ನಗರದ ಬಳಿ. ಅವನ ತಾಯಿಗೆ ಸ್ಕೀ ಎಂದರೆ ಪ್ರೀತಿ. ಮಗನಿಗೂ ಆ ಹುಚ್ಚು ಹತ್ತಿತು. ಹತ್ತು ವರ್ಷದವನಿದ್ದಾಗ ಹಿರಿಯರ ಮಾತು ಮೀರಿ, ದೊಡ್ಡವರು ಹಾರುವ ಎತ್ತರದ ದಿಬ್ಬದಿಂದ ಹಾರಿ ತಲೆಕೆಳಗಾಗಿ ಹಿಮದಲ್ಲಿ ಬಿದ್ದಿದ್ದ. (ನೀವು ಹಾಗೆ ಮಾಡಬೇಡಿ!) ಮುಂದೆ ಪ್ರಾಣಿಶಾಸ್ತ್ರ ಓದಿ, ಬರ್ಗೆನ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ.

1882ರಲ್ಲಿ ಸೀಲ್ ಬೇಟೆಯ ಹಡಗಿನಲ್ಲಿ ಹೋಗಿದ್ದಾಗ ನಾನ್ಸೆನ್ ದೂರದಿಂದ ಗ್ರೀನ್‌ಲ್ಯಾಂಡನ್ನು ಕಂಡರು. ಹೆಸರಿಗೆ ಹಸಿರು ನಾಡು. ಆದರೆ ಅದರ ಬಹುಭಾಗ ದಪ್ಪನೆಯ ಮಂಜುಗಡ್ಡೆಯ ಹೊದಿಕೆ. ಅದರ ಒಳನಾಡು ಹೇಗಿದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಸ್ಕೀ ಕಟ್ಟಿಕೊಂಡು ಅದನ್ನು ದಾಟಿಬಿಡಬೇಕೆಂದು ನಾನ್ಸೆನ್ ಯೋಚಿಸಿದರು.

ಗ್ರೀನ್‌ಲ್ಯಾಂಡಿನ ಪಶ್ಚಿಮ ತೀರದಲ್ಲಿ ಊರುಗಳಿದ್ದವು, ಹಡಗುಗಳು ಬರುತ್ತಿದ್ದವು. ಪೂರ್ವ ತೀರದಲ್ಲಿ ಅಲ್ಲಲ್ಲಿ ಬೇಟೆಗಾರರ ಸಣ್ಣ ಗುಂಪುಗಳು ಮಾತ್ರ. ನೀವಾಗಿದ್ದರೆ ಎಲ್ಲಿಂದ ಹೊರಡುತ್ತಿದ್ದಿರಿ? ಊರಿರುವ ಕಡೆಯಿಂದ ತಾನೇ? ಅವರಿಗಿಂತ ಮೊದಲಿನವರೂ ಹಾಗೆಯೇ ಮಾಡಿದ್ದರು. ಕಷ್ಟ ಬಂದಾಗ ಬೆಚ್ಚಗಿನ ಮನೆಗಳಿಗೆ ಹಿಂದಿರುಗಿದ್ದರು. ನಾನ್ಸೆನ್ ಪೂರ್ವದಿಂದ ಹೊರಡಲು ನಿರ್ಧರಿಸಿದರು. ಆಗ ಹಿಂದೆ ಹೋಗಿ ಪ್ರಯೋಜನವಿಲ್ಲ. ಊಟ, ಬೆಂಕಿ, ಮನೆ ಎಲ್ಲವೂ ಮುಂದೆಯೇ ಇರುತ್ತವೆ. ಈ ಯೋಚನೆ ಕೇಳಿ ಅನೇಕರು ನಕ್ಕರು. ನಾರ್ವೆಯ ಸರ್ಕಾರ ಹಣ ಕೊಡಲಿಲ್ಲ. ಕೊನೆಗೆ ಡೆನ್ಮಾರ್ಕಿನ ಒಬ್ಬ ವ್ಯಾಪಾರಿ ನೆರವಾದರು.

ಸಿದ್ಧತೆಯಲ್ಲಿ ಅವರು ಬಹಳ ಎಚ್ಚರ ವಹಿಸಿದರು. ಎಲ್ಲವನ್ನೂ ತಾವೇ ಎಳೆಯಬೇಕಲ್ಲ! ಸ್ಕೀಯಂತೆ ಅಗಲವಾದ ಅಡಿಪಟ್ಟಿಗಳಿರುವ ಹಗುರವಾದ ಜಾರುಬಂಡಿಗಳನ್ನು ಮಾಡಿಸಿದರು. ಕಡಿಮೆ ಸ್ಪಿರಿಟ್‌ನಲ್ಲಿ ಹಿಮ ಕರಗಿಸಿ ಅಡುಗೆ ಮಾಡಬಲ್ಲ ಒಲೆಯೊಂದನ್ನು ರೂಪಿಸಿದರು. ಸಂಗಡಿಗರು ಐವರು. ಅವರಲ್ಲಿ ಬಾಲ್ಟೋ ಮತ್ತು ರಾವ್ನಾ ಎಂಬಿಬ್ಬರು ಉತ್ತರದ ಸಾಮಿ ಜನಾಂಗದವರು.

1888ರ ಜುಲೈ 17ರಂದು ಆರು ಮಂದಿಯೂ ಹಡಗಿನಿಂದ ಎರಡು ದೋಣಿಗಳಿಗೆ ಇಳಿದರು. ತೀರ ಕಣ್ಣಿಗೆ ಕಾಣುತ್ತಿತ್ತು. ಆದರೆ ತೇಲುವ ಮಂಜುಗಡ್ಡೆಗಳ ನಡುವೆ ಅವರು ಸಿಕ್ಕಿಕೊಂಡರು. ಹರಿವು ಅವರನ್ನು ದಕ್ಷಿಣಕ್ಕೆ ಸೆಳೆದೊಯ್ದಿತು. ನೆಲ ಮುಟ್ಟಿದ್ದು ಜುಲೈ 29ರಂದು, ಗುರಿಯಿಂದ ಬಹುದೂರದಲ್ಲಿ! ಮತ್ತೆ ಉತ್ತರಕ್ಕೆ ಹುಟ್ಟುಹಾಕುತ್ತಾ ಬರಬೇಕಾಯಿತು. ಹಿಮದ ಏರು ಹತ್ತಲು ತೊಡಗಿದಾಗ ಆಗಸ್ಟ್ ಅರ್ಧ ಕಳೆದಿತ್ತು.

ಒಬ್ಬೊಬ್ಬರ ಪಾಲಿಗೂ ಸುಮಾರು 100 ಕಿಲೋಗ್ರಾಂ ಭಾರ. ಹಿಮದಲ್ಲಿ ಜಾರುವುದು ಸುಲಭವಲ್ಲವೇ ಎಂದು ನೀವು ಕೇಳಬಹುದು. ಚಳಿ ಅತಿಯಾದಾಗ ಒಣಗಿದ ಪುಡಿಹಿಮ ಮರಳಿನಂತಾಗುತ್ತದೆ, ಬಂಡಿ ಜಾರುವುದೇ ಇಲ್ಲ. ಮರಳಿನಲ್ಲಿ ಬಂಡಿ ಎಳೆದು ನೋಡಿದವರಿಗೆ ಅದರ ಕಷ್ಟ ಗೊತ್ತು. ಕಾಲ ಮೀರುತ್ತಿತ್ತು. ಆದ್ದರಿಂದ ನಾನ್ಸೆನ್ ಮೊದಲು ಗೊತ್ತುಮಾಡಿದ್ದ ಊರನ್ನು ಬಿಟ್ಟು, ಇನ್ನೂ ಹತ್ತಿರದ ಗೋಡ್‌ಥೋಬ್ ಕಡೆಗೆ ದಾರಿ ಬದಲಿಸಿದರು. ಅದೇ ಇಂದಿನ ನೂಕ್.

ಸೆಪ್ಟೆಂಬರ್ 5ರಂದು ಅವರು 2,700 ಮೀಟರಿಗಿಂತ ಎತ್ತರದಲ್ಲಿದ್ದರು. ರಾತ್ರಿ ಡೇರೆಯ ಒಳಗೇ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ. ಸುತ್ತಲೂ ಹಿಮ, ಆದರೆ ಕುಡಿಯಲು ನೀರಿಲ್ಲ! ಸ್ಪಿರಿಟ್ ಉಳಿಸಬೇಕಾಗಿದ್ದರಿಂದ ಹಿಮ ತುಂಬಿದ ಬಾಟಲಿಗಳನ್ನು ಮೈಗೆ ಒತ್ತಿ ಇಟ್ಟುಕೊಂಡು ಕರಗಿಸುತ್ತಿದ್ದರು. ಅಷ್ಟು ಎಚ್ಚರದ ಯೋಜನೆಯಲ್ಲೂ ಒಂದು ಕೊರತೆ ಉಳಿದಿತ್ತು. ತಂದಿದ್ದ ಒಣಮಾಂಸದಲ್ಲಿ ಕೊಬ್ಬೇ ಇರಲಿಲ್ಲ. ಚಳಿಯಲ್ಲಿ ದುಡಿಯುವ ದೇಹ ಜಿಡ್ಡಿಗಾಗಿ ಹಾತೊರೆಯುತ್ತದೆ. ವಾರಕ್ಕೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದ ಬೆಣ್ಣೆಯನ್ನು ಅವರು ಬರಿದೇ ಉಂಡೆ ಉಂಡೆಯಾಗಿ ತಿನ್ನುತ್ತಿದ್ದರು.

ಇಳಿಜಾರು ಬಂದಾಗ ಗಾಳಿಯೂ ಹಿಂದಿನಿಂದ ಬೀಸಿತು. ಬಂಡಿಗಳನ್ನು ಜೋಡಿಸಿ ಕಟ್ಟಿ, ಹಾಯಿ ಏರಿಸಿದರು. ಹಿಮದ ಮೇಲೆ ಹಾಯಿದೋಣಿ ಓಡಿದಂತಾಯಿತು! ಆ ಓಟದಲ್ಲೇ ಬಾಲ್ಟೋ ದೂರದ ಪಶ್ಚಿಮದ ನೆಲವನ್ನು ಕಂಡು ಕೂಗಿದ. ಮುಂದೆ ಬಿರುಕುಗಳನ್ನು ತಪ್ಪಿಸುತ್ತಾ ಇಳಿದು, ಸೆಪ್ಟೆಂಬರ್ 26ರಂದು ಕಡಲ ಹಿನ್ನೀರಿನ ದಡ ಸೇರಿದರು. ಅಲ್ಲಿ ಗಿಡಗಳ ಕೊಂಬೆ ಬಾಗಿಸಿ, ಡೇರೆಯ ಬಟ್ಟೆ ಹೊದಿಸಿ ಪುಟ್ಟ ದೋಣಿ ಕಟ್ಟಿದರು. ಅದರಲ್ಲಿ ಹಿಡಿಸಿದ್ದು ಇಬ್ಬರೇ. ನಾನ್ಸೆನ್ ಮತ್ತು ಸ್ವೆರ್‌ಡ್ರೂಪ್ ಅಕ್ಟೋಬರ್ 3ರಂದು ಊರು ಮುಟ್ಟಿ, ಉಳಿದ ನಾಲ್ವರಿಗೆ ದೋಣಿ ಕಳುಹಿಸಿದರು. ಆರು ಮಂದಿಯೂ ಬದುಕಿದ್ದರು. ಆದರೆ ಆ ವರ್ಷದ ಕೊನೆಯ ಹಡಗು ಹೊರಟುಹೋಗಿತ್ತು! ಚಳಿಗಾಲವಿಡೀ ಅಲ್ಲಿಯೇ ಉಳಿದು, ನಾನ್ಸೆನ್ ಅಲ್ಲಿನ ಇನ್ಯುಯಿಟ್ ಜನರಿಂದ ಕಯಾಕ್ ನಡೆಸುವುದನ್ನೂ ಬೇಟೆಯನ್ನೂ ಕಲಿತರು. ಊರಿಗೆ ಮರಳಿದ್ದು 1889ರ ಮೇ ತಿಂಗಳಲ್ಲಿ.

ಮುಂದೆ ಅವರು ಫ್ರಾಮ್ ಎಂಬ ಹಡಗಿನಲ್ಲಿ ಉತ್ತರ ಧ್ರುವದತ್ತ ಹೋದರು. 1895ರಲ್ಲಿ, ಅದುವರೆಗೆ ಯಾರೂ ಮುಟ್ಟದಷ್ಟು ಉತ್ತರಕ್ಕೆ ತಲುಪಿದರು.

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಸೈನಿಕರು ಪರದೇಶಗಳಲ್ಲಿ ಸೆರೆಯಲ್ಲಿದ್ದರು. ಹಿಮದಲ್ಲಿ ದಾರಿ ಹುಡುಕಿದ ನಾನ್ಸೆನ್ನರಿಗೆ ರಾಷ್ಟ್ರಗಳ ಒಕ್ಕೂಟ ಅವರನ್ನು ಮನೆಗೆ ತಲುಪಿಸುವ ಕೆಲಸ ವಹಿಸಿತು. 4 ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರು ಸೇರಿದರು. ರಷ್ಯಾದಲ್ಲಿ ಕ್ಷಾಮ ಬಂದಾಗ ಹಸಿದವರಿಗಾಗಿ ದೇಶದೇಶ ತಿರುಗಿ ನೆರವು ಬೇಡಿದರು. 1922ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆಗ ದೇಶ ಕಳೆದುಕೊಂಡ ಜನರೂ ಬಹಳವಿದ್ದರು. ಯಾವ ದೇಶದವರೆಂದು ಹೇಳುವ ಕಾಗದ ಅವರ ಬಳಿ ಇರಲಿಲ್ಲ. ಕಾಗದವಿಲ್ಲದೆ ಯಾವ ಗಡಿಯನ್ನೂ ದಾಟುವಂತಿರಲಿಲ್ಲ. ಅಂಥವರಿಗಾಗಿ ನಾನ್ಸೆನ್ ಒಂದು ಗುರುತಿನ ಪತ್ರವನ್ನು ಜಾರಿಗೆ ತಂದರು. ಅದಕ್ಕೆ ನಾನ್ಸೆನ್ ಪಾಸ್‌ಪೋರ್ಟ್ ಎಂದೇ ಹೆಸರಾಯಿತು. 1930ರ ಮೇ 13ರಂದು ಅವರು ತೀರಿಕೊಂಡರು. ಆ ಪತ್ರಕ್ಕೆ ಅಂಟಿಸುತ್ತಿದ್ದ ಚೀಟಿಯಲ್ಲಿ ಅವರದೇ ಮುಖಚಿತ್ರವಿತ್ತು.