ಗ್ಲೆನ್ ಬರ್ಟನ್

ಗ್ಲೆನ್ ವಿಲ್ಲರ್ಡ್ ಬರ್ಟನ್ (ಮೇ 5, 1910 – ನವೆಂಬರ್ 22, 2005) ಅಮೆರಿಕದ ಸಸ್ಯತಳಿ ವಿಜ್ಞಾನಿ. ಮೇವಿನ ಹುಲ್ಲು ಮತ್ತು ಸಜ್ಜೆಯ ಸಂಕರಣ ತಳಿಗಳ ಅಭಿವೃದ್ಧಿಗೆ ಇವರು ಹೆಸರಾಗಿದ್ದಾರೆ.

ಜೀವನ

ಬರ್ಟನ್ ನೆಬ್ರಾಸ್ಕ ರಾಜ್ಯದಲ್ಲಿ ಜನಿಸಿದರು. ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ 1932ರಲ್ಲಿ ಪದವಿಯನ್ನೂ ರಟ್ಗರ್ಸ್ ವಿಶ್ವವಿದ್ಯಾಲಯದಿಂದ 1936ರಲ್ಲಿ ಡಾಕ್ಟರೇಟನ್ನೂ ಪಡೆದರು. ಅದೇ ವರ್ಷ ಜಾರ್ಜಿಯ ರಾಜ್ಯದ ಟಿಫ್ಟನ್‌ನಲ್ಲಿದ್ದ ಕೋಸ್ಟಲ್ ಪ್ಲೇನ್ ಪ್ರಯೋಗ ಕೇಂದ್ರವನ್ನು ಸೇರಿ, ವೃತ್ತಿಜೀವನವನ್ನು ಅಲ್ಲಿಯೇ ಕಳೆದರು.

ಗರಿಕೆಯ ಸಂಕರಣ

ಆ ಪ್ರದೇಶದ ಹತ್ತಿ ಬೆಳೆಗಾರರಿಗೆ ಗರಿಕೆ ತೊಲಗಿಸಲಾಗದ ಕಳೆಯಾಗಿತ್ತು. ಬರ್ಟನ್ ಅದನ್ನೇ ಮೇವಾಗಿಸಲು ಹೊರಟರು. ಸ್ಥಳೀಯ ಗರಿಕೆಯನ್ನು ದಕ್ಷಿಣ ಆಫ್ರಿಕಾದಿಂದ ತರಿಸಿದ ಎತ್ತರದ ಗರಿಕೆಯೊಡನೆ ಸಂಕರಿಸಿ ಆಯ್ದ ‘ಕೋಸ್ಟಲ್’ ತಳಿಯು 1943ರಲ್ಲಿ ಬಿಡುಗಡೆಯಾಯಿತು. ಇದು ಬಹುತೇಕ ಬೀಜ ಕಟ್ಟದೆ, ಬಳ್ಳಿತುಂಡುಗಳಿಂದಲೇ ವೃದ್ಧಿಯಾಗುವುದರಿಂದ ಬೀಜದ ಮೂಲಕ ನೆರೆಯ ಹೊಲಗಳಿಗೆ ಹರಡುವ ಭಯವಿರಲಿಲ್ಲ. ಅಮೆರಿಕದ ದಕ್ಷಿಣ ಭಾಗದ ಲಕ್ಷಾಂತರ ಎಕರೆಗಳಲ್ಲಿ ಇದು ನೆಲೆಯೂರಿತು. 1967ರ ‘ಕೋಸ್ಟ್‌ಕ್ರಾಸ್-1’ ತಳಿಯಲ್ಲಿ ಇಳುವರಿಯ ಜೊತೆಗೆ ಜೀರ್ಣವಾಗುವ ಗುಣಕ್ಕೂ ಪ್ರಾಧಾನ್ಯ ದೊರೆಯಿತು. ‘ಟಿಫ್ಟನ್ 85’ ಇವರ ನಂತರದ ತಳಿಗಳಲ್ಲಿ ಪ್ರಮುಖವಾದುದು.

ಇಳುವರಿ ಗುಣಗಳ ವಿಶ್ಲೇಷಣೆ

ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ಹಸಿಮೇವಿನ ತೂಕ ಮುಂತಾದ ಗುಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲೆಷ್ಟು, ಮಣ್ಣು ಮತ್ತು ಹವೆಯ ಪಾಲೆಷ್ಟು ಎಂಬುದು ತಳಿ ಆಯ್ಕೆಯ ಮೂಲಪ್ರಶ್ನೆ. ಒಂದೇ ಗಿಡದ ತುಂಡುಗಳು ವಂಶವಾಹಿಯಲ್ಲಿ ಸಮಾನವಾಗಿರುವುದರಿಂದ, ಅವುಗಳನ್ನು ಹಲವು ತಾಕುಗಳಲ್ಲಿ ನೆಟ್ಟಾಗ ಅವುಗಳ ನಡುವೆ ಕಾಣುವ ವ್ಯತ್ಯಾಸವು ಪರಿಸರದ್ದು. ಅದನ್ನು ಕಳೆದರೆ ಅನುವಂಶೀಯ ಭಾಗವನ್ನು ಅಂದಾಜಿಸಬಹುದು. ಬರ್ಟನ್ 1952ರಲ್ಲಿ ಹಾಗೂ ಡಿವೇನ್ ಅವರೊಂದಿಗೆ 1953ರಲ್ಲಿ ಪ್ರಕಟಿಸಿದ ಲೇಖನಗಳ ಸೂತ್ರಗಳು ಭಾರತದ ಕೃಷಿ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳಲ್ಲಿ ಇಂದಿಗೂ ಬಳಕೆಯಲ್ಲಿವೆ.

ಭಾರತ ಮತ್ತು ಸಜ್ಜೆ

ಬರ್ಟನ್ ರೂಪಿಸಿದ ಸಜ್ಜೆಯ ಗಂಡುಬಂಜೆ ತಳಿ ‘ಟಿಫ್ಟ್ 23ಎ’ಯನ್ನು ತಾಯಿಯಾಗಿ ಬಳಸಿ, ಲುಧಿಯಾನದಲ್ಲಿ ಡಿ. ಎಸ್. ಅತ್ವಾಲ್ ಭಾರತದ ಮೊದಲ ಸಂಕರಣ ಸಜ್ಜೆ ‘ಎಚ್‌ಬಿ-1’ ಅನ್ನು ರೂಪಿಸಿದರು. ಅದು 1965ರಲ್ಲಿ ಬಿಡುಗಡೆಯಾಯಿತು. ಇಳುವರಿ ಗಣನೀಯವಾಗಿ ಹೆಚ್ಚಿದರೂ, ಹಲವು ಸಂಕರಣಗಳು ಒಂದೇ ತಾಯಿತಳಿಯನ್ನು ಅವಲಂಬಿಸಿದ್ದವು. 1970ರ ದಶಕದ ಆರಂಭದಲ್ಲಿ ಅವು ಬೂಜು ತುಪ್ಪಟ ರೋಗಕ್ಕೆ ತುತ್ತಾಗಿ ರೈತರಿಗೆ ಭಾರಿ ನಷ್ಟವಾಯಿತು. ಆನಂತರದ ಸಜ್ಜೆ ಸಂಶೋಧನೆಯಲ್ಲಿ ರೋಗನಿರೋಧಕ ಶಕ್ತಿ ಮತ್ತು ತಾಯಿತಳಿಗಳ ವೈವಿಧ್ಯಕ್ಕೆ ಮಹತ್ವ ಬಂದಿತು.

ಗೌರವಗಳು

1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದ ಬರ್ಟನ್, 1982ನೇ ಸಾಲಿನ ರಾಷ್ಟ್ರೀಯ ವಿಜ್ಞಾನ ಪದಕಕ್ಕೆ ಭಾಜನರಾದರು.